ಎರೆಭೂಮಿಯ ಮೇಲೆ ಎರವಲು ಮುಗಿಲು

ಕೃಷ್ಣೆ ಮತ್ತು ತುಂಗಭದ್ರೆಯರ ನಡುವಣ ಎಡೆದೊರೆ ನಾಡಿನಲ್ಲಿ ಮುಗಿಲನ್ನು ನೋಡುವುದು ವಿನೋದಕ್ಕಾಗಿ ಅಲ್ಲ. ರೋಹಿಣಿ ಕಳೆದು ಮಿರಗ ಕೂಡುವ ಹೊತ್ತಿಗೆ ದೇವದುರ್ಗ, ಮಾನ್ವಿ ತಾಲ್ಲೂಕುಗಳ ಊರಕಟ್ಟೆಗಳ ಮೇಲೆ ಕುಳಿತ ಹಿರಿಯರ ದೃಷ್ಟಿಯೆಲ್ಲ ದಿಗಂತದಲ್ಲಿಯೇ ನೆಟ್ಟಿರುತ್ತದೆ. ಮೋಡವು ಯಾವ ಮೂಲೆಯಿಂದ ಏರಿತು, ಅದರ ಮೈಬಣ್ಣವೇನು, ಗಾಳಿಯು ಅದನ್ನು ಹೊತ್ತೊಯ್ಯುವುದೋ ಇಳಿಸುವುದೋ ಎಂಬ ಲೆಕ್ಕಾಚಾರದ ಮೇಲೆ ಬಿತ್ತುವ ಬೀಜ ಮನೆಯಿಂದ ಹೊರಬೀಳುತ್ತದೆ. ಮುಂಗಾರಿನ ತೊಗರಿ, ಹತ್ತಿ ಒಂದು ಕಡೆಯಾದರೆ, ಉತ್ತರೆ ಹಸ್ತೆಗಳ ಮಳೆಯನ್ನು ನೆಚ್ಚಿ ಎರೆಹೊಲಕ್ಕೆ ಬೀಳುವ ಹಿಂಗಾರಿ ಬಿಳಿಜೋಳ ಇನ್ನೊಂದು ಕಡೆ. ಹೀಗೆ ಮುಗಿಲನ್ನು ಪಂಚಾಂಗದಂತೆ ಓದುವ ಜನರ ಮನೆಯ ಗೋಡೆಗಳಿಗೆ ಈಚಿನ ಕೆಲವು ವರ್ಷಗಳಿಂದ ಈ ನಾಡಿನದಲ್ಲದ ಮುಗಿಲುಗಳು ಬಂದು ಕುಳಿತಿವೆ. ಅವುಗಳ ವಿಚಾರವಾಗಿ ವಾಚಕ ಬಂಧುಗಳೊಡನೆ ನಾಲ್ಕು ಮಾತು ಆಡುವುದು ಈ ಲೇಖನದ ಉದ್ದೇಶ.

ಜಾತ್ರೆಯ ಕರಪತ್ರ, ಗೃಹಪ್ರವೇಶದ ಆಲ್ಬಮ್, ದಿನದರ್ಶಿಕೆ, ಬೆಳಗಾಗುತ್ತಲೇ ಮೊಬೈಲಿಗೆ ಬಂದು ಬೀಳುವ ಶುಭೋದಯದ ಚಿತ್ರ, ಇವುಗಳಲ್ಲಿ ಯಾವುದನ್ನು ತೆಗೆದು ನೋಡಿದರೂ ನಮ್ಮ ಸೀಮೆಯ ಗುರುತು ಸಿಕ್ಕುವುದು ಕಷ್ಟವಾಗಿದೆ. ರಾಯಚೂರಿನ ಕೋಟೆಬೆಟ್ಟದ ಹಿಂದೆ ನೇರಳೆ ಬಣ್ಣದ ಸಂಜೆ. ಮಾನ್ವಿಯ ಗದ್ದೆಗಳ ಮೇಲೆ ಕಡಲ ತೀರದ ಮೋಡ. ದೇವದುರ್ಗದ ಬಂಡೆಗುಡ್ಡಗಳ ಮುಂದೆ ಇಲ್ಲಿ ಎಂದೂ ಅರಳದ ಹೂವಿನ ಹಾಸು. ಹಿಂದೆ ಇಂಥ ಕೆಲಸಕ್ಕೆ ಕೈಚಳಕ ಬೇಕಾಗಿತ್ತು, ದಿನಗಟ್ಟಲೆ ಶ್ರಮ ಬೇಕಾಗಿತ್ತು. 2020ರ ಅಕ್ಟೋಬರ್ ತಿಂಗಳಲ್ಲಿ ಫೋಟೋಶಾಪ್ ತಂತ್ರಾಂಶದಲ್ಲಿ ಆಕಾಶವನ್ನೇ ಬದಲಿಸುವ ಸಿದ್ಧ ಸೌಲಭ್ಯ ಬಂದಿತು. 2023ರಲ್ಲಿ, ಬೇಕಾದುದನ್ನು ಮಾತಿನಲ್ಲಿ ಬರೆದರೆ ಸಾಕು, ಯಂತ್ರವೇ ಮುನ್ನೆಲೆಯನ್ನು ಹೊಸೆದು ಕೊಡುವ ಉಪಾಯವೂ ಅದಕ್ಕೆ ಸೇರಿತು. ಈಗ ಅಂಗೈಯಲ್ಲಿರುವ ಫೋನು ಸಹ ಕ್ಷಣಾರ್ಧದಲ್ಲಿ ಬಿಸಿಲನ್ನು ಮಳೆಗಾಲವಾಗಿಸುತ್ತದೆ. ಮಳೆರಾಯನಿಗೆ ಇಷ್ಟು ಸುಲಭವಾಗಿದ್ದರೆ ನಮ್ಮ ರೈತನ ಕಷ್ಟ ಎಂದೋ ತೀರುತ್ತಿತ್ತು!

ಇದೆಲ್ಲ ಯಂತ್ರಯುಗದ ವಿಕಾರವೆಂದು ಭಾವಿಸುವವರು ಛಾಯಾಗ್ರಹಣದ ಇತಿಹಾಸವನ್ನು ಕೊಂಚ ಅವಲೋಕಿಸಬೇಕು. ಆಕಾಶವನ್ನು ತಿದ್ದುವ ಕಲೆಯು ಛಾಯಾಚಿತ್ರದಷ್ಟೇ ಹಳೆಯದು. ಅದಕ್ಕೆ ತಕ್ಕ ಕಾರಣವೂ ಇದ್ದಿತು. 19ನೆಯ ಶತಮಾನದ ನೆಗೆಟಿವ್‌ಗಳ ಮೇಲಿನ ರಾಸಾಯನಿಕ ಲೇಪವು ಪ್ರಧಾನವಾಗಿ ನೀಲಿ ಬೆಳಕಿಗೆ ಮಾತ್ರ ಸ್ಪಂದಿಸುತ್ತಿತ್ತು. ನೆಲದ ಕೆಂಪು, ಹಸುರು, ಕಂದು ವರ್ಣಗಳು ಮೂಡುವಷ್ಟು ಹೊತ್ತು ಕ್ಯಾಮೆರಾವನ್ನು ತೆರೆದಿಟ್ಟರೆ, ಅಷ್ಟರಲ್ಲಿ ನೀಲಿ ಆಕಾಶವು ಅತಿಯಾಗಿ ಬೆಳಗಿ, ಅಚ್ಚಾದಾಗ ಬರಿಯ ಬಿಳಿ ಕಾಗದವಾಗಿ ಉಳಿಯುತ್ತಿತ್ತು. ಮೋಡವಿದ್ದರೂ ಕಾಣದು. ಫ್ರಾನ್ಸಿನ ಗುಸ್ತಾವ್ ಲ ಗ್ರೇ 1856-57ರ ಸುಮಾರಿಗೆ ತನ್ನ ಸಮುದ್ರದ ಚಿತ್ರಗಳಲ್ಲಿ ಕಡಲಿಗೊಂದು, ಆಕಾಶಕ್ಕೊಂದು ಪ್ರತ್ಯೇಕ ನೆಗೆಟಿವ್ ಬಳಸಿ ಎರಡನ್ನೂ ಒಂದೇ ಕಾಗದದ ಮೇಲೆ ಕೂಡಿಸಿದ.

ನಮ್ಮ ನಾಡಿಗೂ ಈ ಕತೆ ತಾಗುತ್ತದೆ. ಈಸ್ಟ್ ಇಂಡಿಯಾ ಕಂಪನಿಯ ಸೇನೆಯಲ್ಲಿದ್ದ ಲಿನ್ನೇಯಸ್ ಟ್ರೈಪ್ 1854ರ ಕೊನೆಯಲ್ಲಿ ಬೇಲೂರು ಹಳೇಬೀಡುಗಳಿಗೆ ಬಂದು ಅಲ್ಲಿಯ ದೇವಾಲಯಗಳ ಚಿತ್ರಗಳನ್ನು ತೆಗೆದ. ಮರುವರ್ಷ ಬರ್ಮಾ ದೇಶಕ್ಕೆ ಹೋದ. ಬಳಿಕ ಮದರಾಸು ಸರಕಾರದ ಛಾಯಾಗ್ರಾಹಕನಾದ. ಈತನ ನೆಗೆಟಿವ್‌ಗಳನ್ನು ಪರಿಶೀಲಿಸಿದ ವಿದ್ವಾಂಸರಿಗೆ ಅವುಗಳ ಮೇಲೆ ಕುಂಚದ ಗುರುತುಗಳು ಕಂಡಿವೆ. ಬಯಲಾಗಿ ನಿಂತ ಆಕಾಶಕ್ಕೆ ಮೋಡಗಳನ್ನು ಬರೆದದ್ದಲ್ಲದೆ ಗಿಡಮರಗಳ ಎಲೆಗಳನ್ನೂ ಬಣ್ಣದಿಂದ ತಿದ್ದಲಾಗಿತ್ತು. ಮುಗಿಲು ಮತ್ತು ಮುನ್ನೆಲೆ ಎರಡಕ್ಕೂ ಕೈಹಾಕುವ ಪರಿಪಾಠ ಈ ದೇಶದಲ್ಲಿ 170 ವರ್ಷಗಳಷ್ಟು ಹಿಂದಿನದೆಂದು ಹೇಳಲು ಇಷ್ಟು ಸಾಕು.

ನಮ್ಮ ಎರೆಸೀಮೆಯ ತೊಡಕು ಇದಕ್ಕಿಂತ ಒಂದು ಗುಣ ಹೆಚ್ಚೇ. ಕಪ್ಪು ನೆಲವು ಬೆಳಕನ್ನು ನುಂಗುತ್ತದೆ. ಮಧ್ಯಾಹ್ನದ ಆಕಾಶವು ಬೆಳಕನ್ನು ಸುರಿಯುತ್ತದೆ. ಮನುಷ್ಯನ ಕಣ್ಣು ಎರಡನ್ನೂ ಹೊಂದಿಸಿಕೊಂಡು ನೋಡಬಲ್ಲದು, ಕ್ಯಾಮೆರಾ ನೋಡಲಾರದು. ಹೊಲದ ಸಾಲು ಕಾಣಬೇಕೆಂದರೆ ಮುಗಿಲು ಬೆಳ್ಳಗಾಗುತ್ತದೆ, ಮುಗಿಲು ಕಾಣಬೇಕೆಂದರೆ ಹೊಲ ಕಾಡಿಗೆಯಾಗುತ್ತದೆ. ಆದ್ದರಿಂದ ತಿದ್ದುವುದೇ ತಪ್ಪು ಎನ್ನುವ ಮಡಿವಂತಿಕೆಯನ್ನು ನಾನು ಒಪ್ಪುವುದಿಲ್ಲ. ಕಪ್ಪು ಬಿಳುಪಿನ ಕಾಲದಲ್ಲಿ ಮಸೂರದ ಮುಂದೆ ಹಳದಿ ಅಥವಾ ಕೆಂಪು ಗಾಜನ್ನು ಇಟ್ಟರೆ ನೀಲಿಯು ತಗ್ಗಿ, ಅಲ್ಲಿದ್ದ ಬಿಳಿ ಮೋಡ ಎದ್ದು ಕಾಣುತ್ತಿತ್ತು. ಕತ್ತಲೆಕೋಣೆಯಲ್ಲಿ ಪ್ರಿಂಟು ಹಾಕುವಾಗ ಅಂಗೈಯನ್ನು ಅಡ್ಡ ಹಿಡಿದು ನೆಲಕ್ಕೆ ಬೀಳುವ ಬೆಳಕನ್ನು ತಡೆದು, ಆಕಾಶದ ಭಾಗಕ್ಕೆ ಹೆಚ್ಚು ಬೆಳಕು ಕೊಟ್ಟು ಗಾಢಗೊಳಿಸುತ್ತಿದ್ದರು. ಅಮೆರಿಕದ ಆನ್ಸೆಲ್ ಆಡಮ್ಸ್ 1941ರಲ್ಲಿ ಹರ್ನಾಂಡೆಜ್ ಎಂಬ ಹಳ್ಳಿಯ ಮೇಲೆ ಚಂದ್ರೋದಯವನ್ನು ಸೆರೆಹಿಡಿದ ಪ್ರಸಿದ್ಧ ಚಿತ್ರದಲ್ಲಿ ಇದನ್ನೇ ಮಾಡಿದರು. ಅವರ ಮೊದಲ ಪ್ರಿಂಟುಗಳಲ್ಲಿ ಮಸುಕು ಮೋಡಗಳಿದ್ದ ಆಕಾಶವು ತರುವಾಯದ ಪ್ರಿಂಟುಗಳಲ್ಲಿ ಕಗ್ಗಪ್ಪಾಗುತ್ತ ಹೋಯಿತು. ಆದರೆ ಗಮನಿಸಬೇಕಾದ ಅಂಶವೆಂದರೆ, ಆ ಚಂದ್ರನು ಅಂದು ಅಲ್ಲಿಯೇ ಇದ್ದ ಚಂದ್ರ. ಬೇರೆ ರಾತ್ರಿಯಿಂದ ತಂದು ಅಂಟಿಸಿದವನಲ್ಲ.

ಇರುವುದನ್ನು ಕಾಣಿಸುವುದು ಒಂದು, ಇಲ್ಲದುದನ್ನು ಇರಿಸುವುದು ಇನ್ನೊಂದು. ಈ ಭೇದವನ್ನು ನಮ್ಮವರು ಬಹಳ ಹಿಂದೆಯೇ ಗುರುತಿಸಿದ್ದರು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಮೊದಲರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಚಿತ್ರಕಲೆಗೆ ಮೀಸಲಾದ ಭಾಗವೊಂದುಂಟು. ಅಲ್ಲಿ ಅವನು ಚಿತ್ರಗಳನ್ನು ವರ್ಗೀಕರಿಸುತ್ತ, ಕನ್ನಡಿಯಲ್ಲಿಯ ಪ್ರತಿಬಿಂಬದಂತೆ ವಸ್ತುವಿನ ಸಾದೃಶ್ಯವನ್ನು ತೋರುವುದಕ್ಕೆ ವಿದ್ಧಚಿತ್ರವೆಂದೂ, ಚಿತ್ರಕಾರನು ತನ್ನ ಮನಸ್ಸಿಗೆ ಹೊಳೆದಂತೆ ಆಕಾರಮಾತ್ರವನ್ನು ಕಲ್ಪಿಸಿ ಬರೆದುದಕ್ಕೆ ಅವಿದ್ಧಚಿತ್ರವೆಂದೂ ಹೆಸರಿಡುತ್ತಾನೆ. ಎರಡಕ್ಕೂ ಅವನು ಸ್ಥಾನ ಕೊಟ್ಟಿದ್ದಾನೆ. ಒಂದು ಮೇಲು, ಒಂದು ಕೀಳು ಎಂದಿಲ್ಲ. ಆದರೆ ಹೆಸರುಗಳು ಬೇರೆ. ಅವಿದ್ಧವನ್ನು ವಿದ್ಧವೆಂದು ಒಪ್ಪಿಸುವುದಕ್ಕೆ ಆ ವರ್ಗೀಕರಣದಲ್ಲಿ ಎಡೆಯಿಲ್ಲ. ದಿನದರ್ಶಿಕೆಯ ಕೈಲಾಸಕ್ಕೆ ಎಂಥ ಮೋಡವನ್ನು ಹಚ್ಚಿದರೂ ಯಾರ ಆಕ್ಷೇಪವೂ ಇಲ್ಲ; ಅದು ಅವಿದ್ಧವೆಂದು ಮಗುವಿಗೂ ಗೊತ್ತು. ಮಾನ್ವಿಯ ನಮ್ಮ ಹೊಲವೆಂದು ಕೆಳಗೆ ಬರೆದ ಚಿತ್ರದ ಮಾತು ಹಾಗಲ್ಲ.

ಇಂದಿನ ಛಾಯಾಗ್ರಾಹಕರ ಸಂಘಗಳೂ ಬಹುಮಟ್ಟಿಗೆ ಇದೇ ಗೆರೆಯನ್ನು ಎಳೆದುಕೊಂಡಿವೆ. 1953ರಲ್ಲಿ ಡಾ. ಜಿ. ಥಾಮಸ್ ಅವರ ಮುಂದಾಳುತನದಲ್ಲಿ ಬೆಂಗಳೂರಿನಲ್ಲಿ ಭಾರತೀಯ ಛಾಯಾಗ್ರಹಣ ಒಕ್ಕೂಟ ಸ್ಥಾಪನೆಯಾಯಿತು. ಟಿ.ಎನ್.ಎ. ಪೆರುಮಾಳ್ ಅವರಂಥ ಪ್ರಕೃತಿ ಛಾಯಾಗ್ರಾಹಕರಿಂದ ಕರ್ನಾಟಕದ ಹೆಸರು ಪರದೇಶಗಳಿಗೂ ಹೋಯಿತು. ಇಂಥ ಸಂಘಗಳ ಸ್ಪರ್ಧೆಗಳಲ್ಲಿ ‘ಪಿಕ್ಟೋರಿಯಲ್’ ವಿಭಾಗವೇ ಬೇರೆ, ‘ನೇಚರ್’ ವಿಭಾಗವೇ ಬೇರೆ. ಮೊದಲನೆಯದರಲ್ಲಿ ಕಲ್ಪನೆಗೆ ಸ್ವಾತಂತ್ರ್ಯವುಂಟು. ಎರಡನೆಯದರಲ್ಲಿ ಬೆಳಕಿನ ಏರುಪೇರನ್ನು ಸರಿಪಡಿಸಬಹುದೇ ವಿನಾ ಏನನ್ನೂ ಸೇರಿಸುವಂತಿಲ್ಲ, ತೆಗೆಯುವಂತಿಲ್ಲ, ಸ್ಥಳ ಬದಲಿಸುವಂತಿಲ್ಲ. 2012ರಲ್ಲಿ ಬ್ರಿಟನ್ನಿನ ಭೂದೃಶ್ಯ ಛಾಯಾಚಿತ್ರ ಸ್ಪರ್ಧೆಯೊಂದರಲ್ಲಿ ಮೊದಲ ಬಹುಮಾನ ಪಡೆದ ಚಿತ್ರಕ್ಕೆ ಮೋಡಗಳನ್ನು ಸೇರಿಸಿ, ಹಿನ್ನೆಲೆಯ ದೋಣಿಗಳನ್ನು ಅಳಿಸಲಾಗಿತ್ತೆಂದು ತಿಳಿದಾಗ ಬಹುಮಾನವನ್ನು ಹಿಂಪಡೆಯಲಾಯಿತು.

ಸ್ಪರ್ಧೆಯ ಬಹುಮಾನ ಹೋದರೆ ಹೋಗಲಿ. ಮನೆತನದ ನೆನಪೇ ಹೋದರೆ? ದೇವದುರ್ಗ ತಾಲ್ಲೂಕಿನ ಪರಿಚಿತ ಕುಟುಂಬವೊಂದರಲ್ಲಿ ನಾನು ಕಂಡದ್ದನ್ನು ಇಲ್ಲಿ ಹೇಳಬೇಕು. ಆ ಮನೆಯ ಹಿರಿಯರು ಲಿಂಗೈಕ್ಯರಾಗಿ ಬಹಳ ವರ್ಷಗಳಾದವು. ಅವರದೊಂದೇ ಭಾವಚಿತ್ರ ಉಳಿದಿತ್ತು. 1972ರ ಬರಗಾಲದಲ್ಲಿ ಹೈದರಾಬಾದಿನಿಂದ ಬಂದ ಬಂಧುವೊಬ್ಬರು ಹೊಲದಲ್ಲಿಯೇ ನಿಲ್ಲಿಸಿ ತೆಗೆದದ್ದು: ಬಿರುಕು ಬಿಟ್ಟ ಎರೆ, ಎಲುಬು ಎಣಿಸಬಹುದಾದ ಒಂದು ಜೊತೆ ಎತ್ತು, ಮೇಲೆ ಬರಿದೋ ಬರಿದಾದ ಮುಗಿಲು. ಪುಣ್ಯಸ್ಮರಣೆಯ ನಿಮಿತ್ತ ಮೊಮ್ಮಕ್ಕಳು ಅದನ್ನು ದೊಡ್ಡದು ಮಾಡಿಸಿ, ಬಣ್ಣ ಹಾಕಿಸಿ, ಚೌಕಟ್ಟು ಕಟ್ಟಿಸಿದರು. ಸ್ಟುಡಿಯೋದವರು ತಮ್ಮ ಕಡೆಯಿಂದ ಒಂದಿಷ್ಟು ಚಂದ ಕೂಡಿಸಿದರು. ಬಿರುಕಿದ್ದಲ್ಲಿ ಹಸುರು ಪೈರು ಬಂದಿತು. ಆಕಾಶದಲ್ಲಿ ನೀರುಂಡ ಮೋಡಗಳು ತುಂಬಿದವು. ಎತ್ತುಗಳ ಡುಬ್ಬಗಳೂ ಕೊಂಚ ದುಂಡಗಾದಂತೆ ಕಂಡವು. ಬಂದವರೆಲ್ಲ ಹೊಗಳಿದರು. ಹಿರಿಯರ ಮಗಳು, ಈಗ ಎಂಬತ್ತರ ಆಸುಪಾಸಿನವರು, ಮಾತ್ರ ಬಹಳ ಹೊತ್ತು ನೋಡಿ, “ಆ ವರ್ಷ ಒಂದು ಹನಿ ಬಿದ್ದಿಲ್ಲ ನೋಡ್ರಿ. ಇದ್ರಾಗ ನೋಡಿದ್ರ ಈಗ ಮಳಿ ಬರೋ ಹಂಗ ಅದ” ಎಂದರು. ಅಷ್ಟರಲ್ಲಿ ಮನೆಯ ಹುಡುಗನೊಬ್ಬ ಕೇಳಿದ: “ಮುತ್ಯಾನ ಹೊಲ ಇಷ್ಟು ಚಂದ ಇತ್ತು ಅಂದ್ರ, ಮತ್ಯಾಕ ಮಾರಿದ್ರು?”

ಆ ಹೊಲ ಮಾರಿದ್ದು ಅದೇ ಬರಗಾಲದಲ್ಲಿ, ಮನೆಯ ಏಳು ಜೀವಗಳನ್ನು ಉಳಿಸಿಕೊಳ್ಳುವುದಕ್ಕಾಗಿ. ಕಪ್ಪು ಬಿಳುಪಿನ ಹಳೆಯ ಚಿತ್ರದ ಮುಂದೆ ಆ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ. ಹುಟ್ಟಿದ್ದರೂ ಚಿತ್ರವೇ ಉತ್ತರ ಹೇಳುತ್ತಿತ್ತು. ಹೊಸ ಚಿತ್ರದಲ್ಲಿ ಹಿರಿಯರು ಹಚ್ಚನೆಯ ಹೊಲವನ್ನು ಸುಮ್ಮನೆ ಕಳೆದುಕೊಂಡ ಅವಿವೇಕಿಯಂತೆ ನಿಂತಿದ್ದಾರೆ. ಗೌರವ ತೋರಿಸಬೇಕೆಂದೇ ಮೊಮ್ಮಕ್ಕಳು ಮಾಡಿಸಿದ್ದು. ಆದದ್ದು ಮಾತ್ರ ಅಗೌರವ. ಅದೃಷ್ಟಕ್ಕೆ ಮೂಲ ಪ್ರತಿಯನ್ನು ಯಾರೂ ಎಸೆದಿರಲಿಲ್ಲ.

ಆಕಾಶದ ಮಾತು ಇಷ್ಟಾಯಿತು. ಮುನ್ನೆಲೆಯ ವಿಷಯ ಇನ್ನೂ ಸೂಕ್ಷ್ಮವಾದುದು, ಏಕೆಂದರೆ ಅಲ್ಲಿ ಸೇರಿಸುವುದಕ್ಕಿಂತ ಅಳಿಸುವುದೇ ಹೆಚ್ಚು. ವಿದ್ಯುತ್ ತಂತಿ, ಸರ್ಕಾರಿ ಜಾಲಿ, ತಗಡಿನ ಅಂಗಡಿ, ಗುಡ್ಡದ ಬುಡದ ಜೋಪಡಿ, ನಡುವೆ ಹಾಯ್ದ ದಾರಿಹೋಕ: ಇವೆಲ್ಲ ‘ಅಂದ ಕೆಡಿಸುವ’ ವಸ್ತುಗಳೆಂದು ಒರೆಸಿಹಾಕಲಾಗುತ್ತದೆ. ಅಂದ ಕೆಡಿಸುವ ವಸ್ತು ಯಾವುದು, ಅಮೂಲ್ಯ ದಾಖಲೆ ಯಾವುದು ಎಂಬುದನ್ನು ತೆಗೆದವನೇ ಅಂದು ಬಲ್ಲನೆ? ಹಂಪಿಯ ಉದಾಹರಣೆ ನೋಡೋಣ. 1856ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಮೇಣ ಸವರಿದ ದೊಡ್ಡ ಕಾಗದದ ನೆಗೆಟಿವ್‌ಗಳಲ್ಲಿ ವಿಜಯನಗರದ ಅವಶೇಷಗಳನ್ನು ಸೆರೆಹಿಡಿದ. ಅವನ ಚಿತ್ರದಲ್ಲಿ ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರವೊಂದು ಕಾಣುತ್ತದೆ. ಇಂದು ಅದು ಇಲ್ಲ. ತರುವಾಯದ ವರ್ಷಗಳಲ್ಲಿ ಅದನ್ನು ತೆಗೆದುಹಾಕಲಾಯಿತು. ಶಿಥಿಲವಾದ ಆ ಇಟ್ಟಿಗೆಯ ರಾಶಿ ಕಲ್ಲಿನ ಸೌಂದರ್ಯಕ್ಕೆ ಒಪ್ಪುವುದಿಲ್ಲವೆಂದು ಗ್ರೀನ್‌ಲಾ ನೆಗೆಟಿವ್‌ನ ಮೇಲೆಯೇ ಬಣ್ಣ ಸವರಿ ಮುಚ್ಚಿದ್ದರೆ, ರಥಕ್ಕೆ ಶಿಖರವಿದ್ದುದಕ್ಕೆ ನಮಗೆ ಇಂಥ ಸಾಕ್ಷಿ ದೊರೆಯುತ್ತಿರಲಿಲ್ಲ. 1983ರಲ್ಲಿ ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ ಅವರು ಗ್ರೀನ್‌ಲಾ ನಿಂತ ಜಾಗಗಳಲ್ಲಿಯೇ ನಿಂತು ಮತ್ತೆ ಚಿತ್ರ ತೆಗೆದರು. ಕಲ್ಲು ಯಾವುದು ಬಿದ್ದಿತು, ಯಾವ ಮಂಟಪಕ್ಕೆ ಏನಾಯಿತು ಎಂದು ಎರಡನ್ನೂ ಪಕ್ಕದಲ್ಲಿಟ್ಟು ಓದಬಹುದು. ತಿದ್ದಿದ ಚಿತ್ರಗಳಿಂದ ಅಂಥ ಓದು ಸಾಧ್ಯವಾಗದು.

ರಾಯಚೂರಿನ ಕೋಟೆಯಲ್ಲಿಯೇ ಇದಕ್ಕಿಂತ ಹಳೆಯ ಪಾಠವೊಂದಿದೆ. ಗೋಡೆಯಲ್ಲಿ ಕೂಡಿಸಿದ, 41 ಅಡಿಗೂ ಮಿಕ್ಕಿ ಉದ್ದವಾದ ಅಖಂಡ ಶಿಲೆಯ ಮೇಲೆ 1294ರ ಶಾಸನವಿದೆ. ಗೋರೆ ಗಂಗಯ್ಯ ರೆಡ್ಡಿಯು ಕೋಟೆ ಕಟ್ಟಿಸಿದ ಸಂಗತಿಯನ್ನು ಅದು ಸಾರುತ್ತದೆ. ಆ ಶಿಲೆಯನ್ನು ಬಂಡಿಯ ಮೇಲೆ ಹೇರಿ ಎಳೆದು ತಂದ ಬಗೆಯನ್ನೂ ಅಲ್ಲಿ ರೇಖೆಗಳಲ್ಲಿ ಕೊರೆದಿದ್ದಾರೆ. ಶಾಸನ ಬರೆಸಿದವನ ಹೆಸರಿನ ಜೊತೆಗೆ ಕಲ್ಲನ್ನು ಎಳೆದ ಮೂಕಪಶುಗಳ ಶ್ರಮವೂ ಉಳಿಯಲೆಂದು ಆ ಶಿಲ್ಪಿಗೆ ಅನ್ನಿಸಿತು. ಇಂದು ಅದೇ ಕೋಟೆಯ ಚಿತ್ರ ತೆಗೆದು ಮುಂದಿನ ಕೈಗಾಡಿಯನ್ನು, ಹಣ್ಣು ಮಾರುವವಳನ್ನು ಅಳಿಸುವ ತರುಣರು ಒಮ್ಮೆ ಆ ಗೆರೆಗಳನ್ನು ಹೋಗಿ ನೋಡಬೇಕೆಂದು ನನ್ನ ವಿನಂತಿ.

ಶಕ್ತಿನಗರದ ಚಿಮಣಿಗಳ ವಿಚಾರವೂ ಇಂಥದೇ. 1985ರಲ್ಲಿ ಮೊದಲ ಘಟಕ ಆರಂಭವಾಗಿ ಬೆಳೆಯುತ್ತ ಹೋದ ಅಲ್ಲಿಯ ಶಾಖೋತ್ಪನ್ನ ವಿದ್ಯುತ್ ಸ್ಥಾವರದ ಸಾಮರ್ಥ್ಯ 1720 ಮೆಗಾವಾಟ್. ಕೃಷ್ಣೆಯ ದಂಡೆಯ ಸೂರ್ಯಾಸ್ತವನ್ನು ತೆಗೆಯುವವರು ಮೊದಲು ಅಳಿಸುವುದು ಅದರ ಹೊಗೆಗೊಳವೆಗಳನ್ನೇ. ನಾಡಿಗೆ ಬೆಳಕು ಕೊಟ್ಟದ್ದೂ ಅದೇ, ಸುತ್ತಣ ಊರುಗಳಿಗೆ ಬೂದಿ ಕೊಟ್ಟದ್ದೂ ಅದೇ. ಚಿತ್ರದಲ್ಲಿ ಅಳಿಸಿದರೆ ಎರಡೂ ಅಳಿದಂತಾಯಿತು. ಮಾನ್ವಿಯ ಕಡೆಗೆ ಹೋದರೆ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದ ರೈತರು ನೀರು ತಲುಪಲಿಲ್ಲವೆಂದು ಮೊರೆಯಿಡುವುದು ಹೊಸದಲ್ಲ. ಒಣ ಕಾಲುವೆಯ ಒಂದು ಪ್ರಾಮಾಣಿಕ ಚಿತ್ರಕ್ಕೆ ಅಲ್ಲಿ ಅರ್ಜಿಯ ಹತ್ತು ಹಾಳೆಗಳ ತೂಕವಿದೆ. ಬೆಳೆ ಸಮೀಕ್ಷೆಯಲ್ಲಿ ಹೊಲದ ಚಿತ್ರವನ್ನು ಮೊಬೈಲಿನಿಂದಲೇ ದಾಖಲಿಸುವ ಪದ್ಧತಿ ಬಂದಿದೆ. ಫಸಲು ಬಿಮಾ ಯೋಜನೆಯಲ್ಲಿ ಆಲಿಕಲ್ಲು, ನೆರೆ ಮುಂತಾದ ಸ್ಥಳೀಯ ವಿಪತ್ತಿನ ನಷ್ಟವನ್ನು 72 ಗಂಟೆಗಳೊಳಗೆ ತಿಳಿಸಬೇಕು. ಚಿತ್ರವೆಂದರೆ ತಿದ್ದಿದ್ದೇ ಇರಬೇಕೆಂಬ ಸಂಶಯ ಲೋಕದಲ್ಲಿ ಬೇರೂರಿದರೆ, ನಿಜವಾಗಿ ಬೆಳೆ ಕಳೆದುಕೊಂಡವನ ಚಿತ್ರವನ್ನೂ ಯಾರು ನಂಬಿಯಾರು? ನಷ್ಟ ಮೊದಲು ತಟ್ಟುವುದು ಬಡವನಿಗೆ.

ಎರವಲು ಮುಗಿಲನ್ನು ಗುರುತಿಸುವುದು ಕಲಿತರೆ ಕಷ್ಟವಲ್ಲ. ಮೊದಲು ನೆರಳನ್ನು ನೋಡಬೇಕು. ಸೂರ್ಯನು ಚಿತ್ರದೊಳಗೇ ಎದುರಿಗಿದ್ದರೆ ನೆರಳುಗಳು ನಮ್ಮ ಕಡೆಗೆ ಚಾಚಿರಬೇಕು. ಪಕ್ಕಕ್ಕೆ ಚಾಚಿದ್ದರೆ ಆ ಸೂರ್ಯ ಪರಸ್ಥಳದವನು. ನೀರಿದ್ದರೆ ಮೇಲಿನ ಮೋಡದ ಬಿಂಬ ಅದರಲ್ಲಿ ಕಾಣಬೇಕು. ಮೋಡಗಳು ದಿಗಂತಕ್ಕೆ ಸಮೀಪಿಸಿದಂತೆ ಸಣ್ಣದಾಗಿ, ಚಪ್ಪಟೆಯಾಗಿ, ಒತ್ತೊತ್ತಾಗಿ ತೋರುವುದು ಸಹಜ. ನೆತ್ತಿಯ ಮೇಲಿನ ದೊಡ್ಡ ಮೋಡವೊಂದು ಗುಡ್ಡದ ಅಂಚಿನಲ್ಲಿ ಕುಳಿತಿದ್ದರೆ ಅದು ಅಂಟಿಸಿದ್ದು. ಜಾಲಿಮರದ ಸಣ್ಣ ಎಲೆಗಳ ಸಂದಿನಲ್ಲಿ ಹಳೆಯ ಬಿಳಿ ಆಕಾಶದ ಚೂರುಗಳು ಉಳಿದಿರುವುದು ಸಾಮಾನ್ಯ. ನಮ್ಮ ಸೀಮೆಯಲ್ಲಿ ಕೃಷ್ಣೆಯು ಸ್ಥೂಲವಾಗಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವಳಾದ್ದರಿಂದ, ಹೊಳೆ ಹರಿದುಹೋಗುವ ದಿಕ್ಕಿನಲ್ಲಿ ಸೂರ್ಯ ಮುಳುಗುತ್ತಿದ್ದರೆ ಅನುಮಾನಿಸಲೇಬೇಕು. ಆದರೆ ಆತುರದಿಂದ ಯಾರನ್ನೂ ದೂಷಿಸಬಾರದು. ಪಡುವಣದ ಸೂರ್ಯನು ಮೋಡದ ಕೆಳಗಿಣುಕಿದಾಗ, ಮೂಡಣದ ಕರಿಮೋಡದ ಮುಂದೆ ಹೊಲವೆಲ್ಲ ಹೊನ್ನಿನಂತೆ ಹೊಳೆಯುವುದುಂಟು. ಕೃತಕವೆಂದು ತೋರುವ ಆ ನೋಟ ಅಪ್ಪಟ ನಿಜ.

ಮನೆಯವರು ಮಾಡಬೇಕಾದುದು ಹೆಚ್ಚೇನೂ ಇಲ್ಲ. ಹಳೆಯ ಚಿತ್ರವನ್ನು ದೊಡ್ಡದು ಮಾಡಿಸುವಾಗ ಕಲೆ, ಗೀರುಗಳನ್ನು ಮಾತ್ರ ತೆಗೆಯಿರಿ, ಮತ್ತೇನನ್ನೂ ಕೂಡಿಸಬೇಡಿರಿ ಎಂದು ಸ್ಟುಡಿಯೋದವರಿಗೆ ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಅವರು ಗಿರಾಕಿಯ ಸಂತೋಷಕ್ಕೆಂದು ಕೂಡಿಸುತ್ತಾರೆ. ಅದು ಅವರ ಹೊಟ್ಟೆಪಾಡಿನ ಕಾಯಕ, ತಪ್ಪೆಣಿಸಬೇಕಾಗಿಲ್ಲ. ಮೂಲ ಪ್ರತಿಯನ್ನು ತಪ್ಪದೆ ಮರಳಿ ಪಡೆಯಬೇಕು. ಅದರ ಬೆನ್ನಿಗೆ ಮೆತ್ತನೆಯ ಪೆನ್ಸಿಲಿನಿಂದ ಸ್ಥಳ, ವರ್ಷ, ನಿಂತವರ ಹೆಸರು ಬರೆದಿಡಬೇಕು. ಬಾಲ್‌ಪೆನ್ನು ಒತ್ತಿ ಮುಂಬದಿಗೆ ಮೂಡುತ್ತದೆ. ತಿದ್ದಿದ ಪ್ರತಿಯನ್ನೂ ಇಡಬೇಕೆನಿಸಿದರೆ ‘ಮುಗಿಲು ಬದಲಿಸಿದೆ’ ಎಂಬ ಎರಡೇ ಶಬ್ದ ಅದರ ಬೆನ್ನಿಗಿರಲಿ. ಮೊಬೈಲಿನ ಚಿತ್ರಗಳನ್ನು ವಾಟ್ಸಾಪಿನಲ್ಲಿ ಮಾಮೂಲಾಗಿ ಕಳಿಸಿದರೆ ಗುಣಮಟ್ಟ ತಗ್ಗುವುದಲ್ಲದೆ, ತೆಗೆದ ಸ್ಥಳ ಸಮಯಗಳ ಒಳಗಿನ ವಿವರವೂ ಹೋಗುತ್ತದೆ. ಡಾಕ್ಯುಮೆಂಟ್ ರೂಪದಲ್ಲಿ ಕಳಿಸಿದರೆ ಉಳಿಯುತ್ತದೆ.

ಇನ್ನು ರಮ್ಯವಾದ ಮುಗಿಲೇ ಬೇಕೆನ್ನುವ ತರುಣರಿಗೆ ನಮ್ಮ ನಾಡಿನಲ್ಲಿ ಬರವೇನೂ ಇಲ್ಲ. ಕಾಯುವ ತಾಳ್ಮೆ ಬೇಕು. ಮೇ ತಿಂಗಳ ಬಿರುಬಿಸಿಲಿನ ದಿನಗಳಲ್ಲಿ ಅಪರಾಹ್ನ ಕಳೆಯುತ್ತಲೇ ಹೂಕೋಸಿನಂತೆ ಪುಟಿದೇಳುವ ಬಿಳಿಮೋಡಗಳು ಸಂಜೆಗೆ ಬುಡದಲ್ಲಿ ಕಪ್ಪಾಗಿ, ತುದಿಯಲ್ಲಿ ಅಡಿಗಲ್ಲಿನಂತೆ ಹರಡುತ್ತವೆ. ಸೆಪ್ಟೆಂಬರಿನಲ್ಲಿ ಮಳೆ ತೊಳೆದ ಗಾಳಿಯಿಂದ ಬಹುದೂರದ ಗುಡ್ಡವೂ ಸ್ಪಷ್ಟ. ಸುಗ್ಗಿಯ ದಿನಗಳಲ್ಲಿ ಕಣದ ದೂಳಿನ ಮೂಲಕ ಇಳಿಯುವ ಸೂರ್ಯನ ಕೆಂಪನ್ನು ಯಾವ ಯಂತ್ರವೂ ಸರಿಯಾಗಿ ಹೊಸೆಯಲಾರದೆಂದು ನನ್ನ ಅಭಿಪ್ರಾಯ. ಮುಗಿಲಿಗೊಂದು, ನೆಲಕ್ಕೊಂದು ಎಂದು ಒಂದೇ ಸ್ಥಳದಿಂದ ಒಂದೇ ನಿಮಿಷದಲ್ಲಿ ಎರಡು ಚಿತ್ರ ತೆಗೆದು ಕೂಡಿಸಿಕೊಂಡರೂ ಅಡ್ಡಿಯಿಲ್ಲ. ಅದು ಆ ದಿನದ್ದೇ ಮುಗಿಲು. ಆದರೆ ಮುಂಗಾರಿಗೆ ಮುಂಚಿನ ಮೋಡಗಳನ್ನು ಬೆನ್ನಟ್ಟುವವರು ಸಿಡಿಲಿನ ಎಚ್ಚರ ಮರೆಯಬಾರದು. ‘ದಾಮಿನಿ’ ಎಂಬ ಉಚಿತ ಆ್ಯಪ್ ಸಮೀಪದ ಸಿಡಿಲನ್ನು ಸೂಚಿಸುತ್ತದೆ. ಗುಡುಗು ಕಿವಿಗೆ ಬಿದ್ದ ಕೂಡಲೇ ಕ್ಯಾಮೆರಾದ ಕಬ್ಬಿಣದ ಕಾಲುಗಳನ್ನು ಅಲ್ಲಿಯೇ ಬಿಟ್ಟು, ಒಂಟಿಮರದ ಆಸರೆಗೆ ಹೋಗದೆ, ಪಕ್ಕಾ ಛಾವಣಿಯ ಮನೆಯೊಳಗೆ ಸೇರಿಕೊಳ್ಳಬೇಕು.